ನೆಲವೂ ಡೊಂಕಾಗಿರಬಹುದು



ಮನೆಯ ಕೆಲಸದ ಜೊತೆಗೆ ನಾಲ್ಕು ಕಾಸಿನ ದುಡಿಮೆಯನ್ನೂ ಮಾಡುವ ಸಹೋದರಿಯರು ಈಗ ನಮ್ಮ ಸಣ್ಣ ಊರುಗಳಲ್ಲೂ ಬೇಕಾದಷ್ಟಿದ್ದಾರೆ. ರೋಣ, ನರಗುಂದ, ಗಜೇಂದ್ರಗಡದ ಕಡೆ ನೋಡಿ. ಒಬ್ಬರು ಶಾಲೆಯ ಬಿಸಿಯೂಟದ ಕೋಣೆಯಲ್ಲಿದ್ದಾರೆ, ಒಬ್ಬರು ಆಸ್ಪತ್ರೆಯಲ್ಲಿದ್ದಾರೆ, ಇನ್ನೊಬ್ಬರು ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಾರೆ. ಜೋಳದ ರೊಟ್ಟಿ ಬಡಿದು ಖಾನಾವಳಿಗೆ ಕೊಡುವವರೂ ಇದ್ದಾರೆ. ಕೆಲಸ ಬೇರೆ ಬೇರೆಯಾದರೂ ಎಲ್ಲರ ಬಾಯಲ್ಲೂ ಒಂದು ಮಾತು ಬರುತ್ತದೆ: "ಹೋದ ತಿಂಗಳಷ್ಟೇ ಸರಿ ಮಾಡಿದ್ದೆವು, ಮತ್ತೆ ಅದೇ ಆಯಿತು ನೋಡಿ!"

ಒಂದೇ ತೊಂದರೆ ಮತ್ತೆ ಮತ್ತೆ ಬರುತ್ತಿದೆ ಎಂದರೆ ಅದರ ಅರ್ಥವೇನು? ನಾವು ಸರಿ ಮಾಡಿದ್ದು ತೊಂದರೆಯನ್ನಲ್ಲ, ಅದು ಮೇಲೆ ಕಾಣಿಸಿಕೊಂಡ ಜಾಗವನ್ನು ಮಾತ್ರ. ಬೇರು ಕೆಳಗೆ ಹಾಗೆಯೇ ಉಳಿದಿದೆ. ಆ ಬೇರನ್ನು ಹುಡುಕುವುದಕ್ಕೂ ಒಂದು ಕ್ರಮವಿದೆ. ದೊಡ್ಡ ಕಾರ್ಖಾನೆಗಳಲ್ಲಿ ಅದನ್ನು 'ರೂಟ್ ಕಾಸ್ ಅನಾಲಿಸಿಸ್' ಎನ್ನುತ್ತಾರೆ. ಮೂಲ ಕಾರಣದ ಹುಡುಕಾಟ ಎಂದರೆ ನಮಗೆ ಸಾಕು. ಈ ತಿಂಗಳು ಅದರ ಬಗ್ಗೆ ಮಾತಾಡೋಣ.

ನರಗುಂದದ ಗುಂಡಿಗಳು

2019-20ರ ಸುಮಾರಿಗೆ ನರಗುಂದ ಪಟ್ಟಣದ ಹಳೆಯ ಓಣಿಗಳಲ್ಲಿ ನೆಲ ಇದ್ದಕ್ಕಿದ್ದಂತೆ ಕುಸಿಯತೊಡಗಿತು. ಒಂದು ಕಡೆ ರಸ್ತೆಯಲ್ಲಿ, ಇನ್ನೊಂದು ಕಡೆ ಮನೆಯೊಳಗೇ ಬಾಯ್ದೆರೆದ ಗುಂಡಿ! ಮಕ್ಕಳನ್ನು ಹೊರಗೆ ಬಿಡಲೂ, ರಾತ್ರಿ ಮನೆಯೊಳಗೆ ಮಲಗಲೂ ಜನ ಹೆದರಿದರು. ಬಿದ್ದ ಗುಂಡಿಗೆ ಮಣ್ಣು ತುಂಬುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ತುಂಬಿದ್ದೂ ಆಯಿತು. ಆದರೆ ಆ ಗುಂಡಿ ಮುಚ್ಚಿದರೆ ಬೇರೆ ಕಡೆ ಮತ್ತೊಂದು ತೆರೆಯುತ್ತಿತ್ತು.

ನೆಲ ಯಾಕೆ ಕುಸಿಯುತ್ತಿದೆ? ಕೆಳಗೆ ಟೊಳ್ಳು ಇದೆ. ಟೊಳ್ಳು ಯಾಕೆ ಇದೆ? ಹಿಂದಿನವರು ಜೋಳ ಕೂಡಿಡಲು ನೆಲದಡಿ ತೋಡಿದ ಹಗೇವುಗಳು ಅಲ್ಲಿವೆ. ಬರಗಾಲ ಬಂದರೆ ಮನೆಯವರ ಹೊಟ್ಟೆ ಕಾಯಲಿ ಎಂದು ತೋಡಿದವು ಅವು. ಕಾಲ ಬದಲಾಯಿತು, ಹಗೇವಿನ ಬಳಕೆ ನಿಂತಿತು, ಎಷ್ಟೋ ಕಡೆ ಅದರ ಮೇಲೆಯೇ ಮನೆ, ರಸ್ತೆಗಳು ಎದ್ದವು. ಹಾಗಾದರೆ ಇಷ್ಟು ವರ್ಷ ಕುಸಿಯದ್ದು ಈಗ ಯಾಕೆ ಕುಸಿಯುತ್ತಿದೆ? ನೆಲದೊಳಗೆ ನೀರಿನ ಅಂಶ ಹೆಚ್ಚಿ ಮಣ್ಣು ಸಡಿಲವಾಗಿದೆ. ಪರಿಶೀಲನೆಯ ಸಂದರ್ಭದಲ್ಲಿ ಮುಖ್ಯವಾಗಿ ಕೇಳಿಬಂದದ್ದು ಹಳೆಯ ಹಗೇವು ಮತ್ತು ನೆಲದೊಳಗಿನ ನೀರು, ಈ ಎರಡರ ಮಾತೇ.

ಮಣ್ಣು ತುಂಬಿದ್ದು ತಪ್ಪೇ? ಖಂಡಿತ ಅಲ್ಲ. ಗುಂಡಿ ಬಿದ್ದಾಗ ಮೊದಲು ಯಾರೂ ಅದರಲ್ಲಿ ಬೀಳದಂತೆ ನೋಡಿಕೊಳ್ಳಲೇಬೇಕು. ಆದರೆ ಅದು ಆ ಹೊತ್ತಿನ ಆರೈಕೆ. ಮುಂದಿನ ಗುಂಡಿಯನ್ನು ತಡೆಯಬೇಕಾದರೆ ಹಗೇವು ಎಲ್ಲೆಲ್ಲಿದೆ, ನೀರು ಎಲ್ಲಿಂದ ಬರುತ್ತಿದೆ ಎಂದು ತಿಳಿಯಬೇಕು. ನಮ್ಮ ಕೆಲಸದ ಜಾಗದಲ್ಲೂ ಈ ಎರಡನ್ನು ಬೇರೆ ಬೇರೆಯಾಗಿ ನೋಡುವುದನ್ನು ಕಲಿಯಬೇಕು. ಮಣ್ಣು ತುಂಬಿ ಕೈ ತೊಳೆದುಕೊಂಡರೆ ಕೆಲಸ ಅರ್ಧವೇ ಆಯಿತು.

ಮಗ್ಗದಿಂದ ಬಂದ ಪಾಠ

ಈ ಹುಡುಕಾಟ ಹೆಸರಾದದ್ದು ಮೋಟಾರು ಕಾರಿನ ಕಾರ್ಖಾನೆಯಿಂದ. ಆದರೆ ಅದರ ಹುಟ್ಟು ಮಗ್ಗದ ಪಕ್ಕದಲ್ಲಿ. ಗಜೇಂದ್ರಗಡದ ನೇಕಾರ ಮನೆಗಳ ಹೆಣ್ಣುಮಕ್ಕಳಿಗೆ ಈ ಕಥೆ ಬೇಗ ಅರ್ಥವಾದೀತು.

ಜಪಾನಿನಲ್ಲಿ 1867ರಲ್ಲಿ ಬಡಗಿಯ ಮನೆಯಲ್ಲಿ ಹುಟ್ಟಿದ ಸಕೀಚಿ ಟೊಯೋಡಾ ತನ್ನ ತಾಯಿ ಮಗ್ಗದ ಮುಂದೆ ಪಡುವ ಕಷ್ಟವನ್ನು ನೋಡುತ್ತ ಬೆಳೆದವರು. ನೇಯುವವರ ಶ್ರಮ ಕಡಿಮೆ ಮಾಡಬೇಕೆಂಬ ಹಂಬಲದಿಂದ ಅವರು ಮರದ ಕೈಮಗ್ಗವನ್ನು ಸುಧಾರಿಸಿ 1891ರಲ್ಲಿ ಪೇಟೆಂಟ್ ಪಡೆದರು. ಮುಂದೆ 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗದಲ್ಲಿ ಒಂದು ವಿಶೇಷವಿತ್ತು. ನೂಲಿನ ಎಳೆ ಹರಿದರೆ ಮಗ್ಗ ತಾನಾಗಿಯೇ ನಿಂತುಬಿಡುತ್ತಿತ್ತು!

ಇದರಲ್ಲೇನು ದೊಡ್ಡದು ಎನ್ನಬಹುದು. ಯೋಚಿಸಿ ನೋಡಿ. ಎಳೆ ಹರಿದ ಮೇಲೂ ನೇಯ್ಗೆ ಮುಂದುವರಿದರೆ ಮೊಳಗಟ್ಟಲೆ ಬಟ್ಟೆ ಕೆಡುತ್ತದೆ. ಅದು ಗೊತ್ತಾಗುವುದು ಸೀರೆ ಮಡಿಸುವಾಗ. ಆಗ ನೇಯ್ದವರ ಮೇಲೆ ಬೈಗುಳ. ಹರಿದ ಕ್ಷಣದಲ್ಲೇ ಮಗ್ಗ ನಿಂತರೆ ಎಳೆ ಎಲ್ಲಿ ಹರಿಯಿತು ಎಂದು ಕಣ್ಣಾರೆ ಕಾಣುತ್ತದೆ. ಯಾಕೆ ಹರಿಯಿತು ಎಂದು ಕೇಳಲು ಅವಕಾಶ ಸಿಗುತ್ತದೆ. ಹಾಸಿನ ನೂಲಿಗೆ ಗಂಜಿ ಸಾಲಲಿಲ್ಲವೇ? ಹಣಿಗೆಯ ಹಲ್ಲು ಸವೆದು ಚೂಪಾಗಿದೆಯೇ? ಬೇಸಿಗೆಯ ಒಣಗಾಳಿಗೆ ನೂಲು ಬಿರುಸಾಯಿತೇ? ನಮ್ಮ ಕಡೆಯ ಕುಣಿ ಮಗ್ಗದಲ್ಲಿ ಹಾಸು ನೆಲದ ತೇವಕ್ಕೆ ಹತ್ತಿರವಿರುವುದರಿಂದ ಎಳೆ ಹರಿಯುವುದು ಕಡಿಮೆ. ಯಾರೋ ಹಿಂದಿನವರು ಯಾಕೆ ಎಂದು ಕೇಳಿಕೊಂಡು ಕಂಡ ಉತ್ತರವೇ ಇರಬೇಕು ಅದು.

ಸಕೀಚಿಯವರ ಮಗ ಮುಂದೆ ಟೊಯೋಟಾ ಕಾರಿನ ಕಂಪನಿಯನ್ನು ಕಟ್ಟಿದರು. ಅದೇ ಕಂಪನಿಯ ಪಾಲುದಾರಿಕೆಯಲ್ಲಿ 1997ರಲ್ಲಿ ಸ್ಥಾಪನೆಯಾದ ಟೊಯೋಟಾ ಕಿರ್ಲೋಸ್ಕರ್ ಸಂಸ್ಥೆಯ ಕಾರ್ಖಾನೆ ನಮ್ಮ ಬಿಡದಿಯಲ್ಲಿದೆ. ಜಪಾನಿನ ಆ ಕಂಪನಿಯಲ್ಲಿ ತೈಚಿ ಓನೋ ಎಂಬ ಎಂಜಿನಿಯರ್ ಇದ್ದರು. ಏನಾದರೂ ಕೆಟ್ಟಾಗ ಐದು ಸಲ 'ಯಾಕೆ' ಎಂದು ಕೇಳಿ ಎಂದು ಅವರು ಕೆಲಸಗಾರರಿಗೆ ಕಲಿಸಿದರು. 1978ರಲ್ಲಿ ಬರೆದ ಪುಸ್ತಕದಲ್ಲಿ ಅವರು ಕೊಟ್ಟ ಉದಾಹರಣೆಯ ಸಾರ ಹೀಗಿದೆ.

ಯಂತ್ರ ನಿಂತಿತು. ಯಾಕೆ? ಹೊರೆ ಹೆಚ್ಚಾಗಿ ಫ್ಯೂಸ್ ಹೋಯಿತು. ಹೊರೆ ಯಾಕೆ ಹೆಚ್ಚಾಯಿತು? ಬೇರಿಂಗಿಗೆ ಎಣ್ಣೆ ಸಾಲುತ್ತಿರಲಿಲ್ಲ. ಯಾಕೆ? ಎಣ್ಣೆ ಎತ್ತುವ ಪಂಪು ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಯಾಕೆ? ಪಂಪಿನ ಶಾಫ್ಟ್ ಸವೆದಿತ್ತು. ಅದು ಯಾಕೆ ಸವೆಯಿತು? ಪಂಪಿಗೆ ಜಾಲರಿ ಇರಲಿಲ್ಲ, ಲೋಹದ ಚೂರುಗಳು ಒಳಗೆ ಹೋಗಿದ್ದವು.

ಮೊದಲ ಯಾಕೆಗೆ ನಿಂತವರು ಹೊಸ ಫ್ಯೂಸ್ ಹಾಕಿ ಹೋಗುತ್ತಾರೆ. ಕೆಲವು ದಿನಗಳಲ್ಲಿ ಯಂತ್ರ ಮತ್ತೆ ನಿಲ್ಲುತ್ತದೆ. ಐದನೆಯದರವರೆಗೆ ಹೋದವರು ಒಂದು ಜಾಲರಿ ಹಾಕುತ್ತಾರೆ. ತೊಂದರೆ ಅಲ್ಲಿಗೆ ಮುಗಿಯುತ್ತದೆ.

ತಿರುಗಿ ಬಂದ ಸಮವಸ್ತ್ರ

ಇದನ್ನೇ ನಮ್ಮ ಕೆಲಸಕ್ಕೆ ತಂದು ನೋಡೋಣ. ಗಜೇಂದ್ರಗಡದಲ್ಲಿ ಆರು ಜನ ಸಹೋದರಿಯರು ಸೇರಿ ಒಂದು ಹೊಲಿಗೆ ಕೇಂದ್ರ ನಡೆಸುತ್ತಿದ್ದಾರೆ ಎಂದುಕೊಳ್ಳಿ. ಜೂನ್ ತಿಂಗಳಲ್ಲಿ ಇನ್ನೂರು ಶಾಲಾ ಸಮವಸ್ತ್ರ ಹೊಲಿದು ಕೊಡುತ್ತಾರೆ. ಹದಿನೈದು ದಿನಗಳಲ್ಲಿ ಇಪ್ಪತ್ತನಾಲ್ಕು ತಿರುಗಿ ಬರುತ್ತವೆ.

"ಆಪಾ, ಈ ಸಲಾನೂ ಹಂಗ ಆತಲ್ರಿ" ಎನ್ನುತ್ತಾಳೆ ಒಬ್ಬಳು. ಹೋದ ವರ್ಷ ಕತ್ತರಿಸುವವಳ ಕೂಲಿಯಲ್ಲಿ ಹಿಡಿದಿದ್ದರು. ಅದರ ಹಿಂದಿನ ವರ್ಷ ಕತ್ತರಿಸುವವಳನ್ನೇ ಬದಲಾಯಿಸಿದ್ದರು. ಈ ಸಲ ಏನು ಮಾಡುವುದು?

ಮೊದಲು ತಿರುಗಿ ಬಂದ ಬಟ್ಟೆಗಳನ್ನು ಚಾಪೆಯ ಮೇಲೆ ಹರವಿ ಗುಂಪು ಮಾಡಲಿ. ಹದಿನೇಳು ಬಿಗಿಯಾಗುತ್ತವೆ. ಐದರ ತೋಳು ತಪ್ಪಾಗಿದೆ. ಎರಡಕ್ಕೆ ಗುಂಡಿ ಕಿತ್ತಿದೆ. ಎಲ್ಲವೂ ಒಂದೇ ತೊಂದರೆಯಲ್ಲ ಎಂದು ಇಲ್ಲಿಯೇ ಗೊತ್ತಾಯಿತು. ದೊಡ್ಡ ಗುಂಪಿನಿಂದ ಶುರು ಮಾಡಬೇಕು.

ಯಾಕೆ ಬಿಗಿಯಾಯಿತು? ಕೊಟ್ಟಾಗ ಸರಿಯಿತ್ತು, ಮೊದಲ ಒಗೆತದ ಮೇಲೆ ಬಿಗಿಯಾಯಿತು ಎಂದು ತಾಯಂದಿರು ಹೇಳುತ್ತಾರೆ. ಅಂದರೆ ಬಟ್ಟೆ ಕುಗ್ಗಿದೆ. ಹೊಲಿದ ಮೇಲೆ ಯಾಕೆ ಕುಗ್ಗಿತು? ಕತ್ತರಿಸುವ ಮೊದಲು ನೀರಿನಲ್ಲಿ ನೆನೆಸಿರಲಿಲ್ಲ. ಯಾಕೆ ನೆನೆಸಲಿಲ್ಲ? ನೆನೆಸಿ ಒಣಗಿಸಿ ಇಸ್ತ್ರಿ ಮಾಡಲು ಸಮಯವಿರಲಿಲ್ಲ. ಯಾಕೆ ಇರಲಿಲ್ಲ? ಬಟ್ಟೆ ಬಂದದ್ದೇ ಮೇ ಕೊನೆಯ ವಾರ. ಯಾಕೆ ತಡ? ಮುಂಗಡ ಹಣ ಬರುವವರೆಗೆ ಬಟ್ಟೆಗೆ ಹೇಳಲು ಕೈಯಲ್ಲಿ ದುಡ್ಡಿಲ್ಲ.

ಈಗ ನೋಡಿ, ಕತ್ತರಿ ಹಿಡಿದ ಹೆಣ್ಣುಮಗಳ ತಪ್ಪು ಎಲ್ಲಿಯಾದರೂ ಬಂತೇ? ಎರಡು ವರ್ಷ ದಂಡ ತೆತ್ತವರು ಮಾತ್ರ ಅವರೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ.

ಮುಂಗಡ ಬೇಗ ಕೊಡಿಸುವುದು ಇವರ ಕೈಯಲ್ಲಿಲ್ಲದಿರಬಹುದು. ಆದರೆ ಸರಪಳಿಯ ಒಂದು ಕೊಂಡಿ ಇವರ ಕೈಗೆ ಸಿಗುತ್ತದೆ. ಬಟ್ಟೆ ಅಂಗಡಿಯಿಂದ ಏಪ್ರಿಲ್‌ನಲ್ಲೇ ಒಂದು ಮೀಟರ್ ಮಾದರಿ ಬಟ್ಟೆ ತಂದು, ಅಳತೆಯ ಗುರುತು ಹಾಕಿ, ಒಗೆದು ಒಣಗಿಸಿ ಮತ್ತೆ ಅಳೆಯಬಹುದು. ನೂರು ಸೆಂಟಿಮೀಟರ್ ಇದ್ದದ್ದು ತೊಂಬತ್ತಾರು ಆದರೆ, ಎಪ್ಪತ್ತು ಸೆಂಟಿಮೀಟರ್ ಬೇಕಾದ ಕಡೆ ಸುಮಾರು ಎಪ್ಪತ್ಮೂರು ಇಟ್ಟು ಕತ್ತರಿಸಬೇಕೆಂದು ಲೆಕ್ಕ ಸಿಕ್ಕಿತು. ಉದ್ದಕ್ಕೂ ಅಗಲಕ್ಕೂ ಕುಗ್ಗುವ ಪ್ರಮಾಣ ಬೇರೆ ಇರುತ್ತದೆ, ಆದ್ದರಿಂದ ಎರಡನ್ನೂ ಅಳೆಯಬೇಕು. ಮೇ ತಿಂಗಳಲ್ಲಿ ಬಂದ ಥಾನು ಅದೇ ಬಟ್ಟೆಯೇ ಎಂದು ಒಂದು ತುಂಡು ಒಗೆದು ಖಾತ್ರಿ ಮಾಡಿಕೊಳ್ಳಬೇಕು. ಇನ್ನೂರು ಬಟ್ಟೆಗಳ ತೊಂದರೆಗೆ ಪರಿಹಾರ ಒಂದು ಮೀಟರ್ ಬಟ್ಟೆ ಮತ್ತು ಒಂದು ಬಕೆಟ್ ನೀರು!

ಈ ಪರೀಕ್ಷೆಯಿಂದ ಇನ್ನೊಂದು ಲಾಭವಿದೆ. ಒಗೆದರೂ ಬಟ್ಟೆ ಕುಗ್ಗದಿದ್ದರೆ? ಆಗ ನಾವು ಹಿಡಿದ ಕಾರಣವೇ ತಪ್ಪು ಎಂದಾಯಿತು. ಮನಸ್ಸಿಗೆ ಹೊಳೆದ ಮೊದಲ ಉತ್ತರವನ್ನು ಪರೀಕ್ಷಿಸದೆ ನಂಬಬಾರದು. ಉಳಿದ ಎರಡು ಗುಂಪುಗಳಿಗೂ ಅವುಗಳದೇ ಕಾರಣವಿರುತ್ತದೆ. ಅಳತೆ ಬರೆದುಕೊಂಡ ಚೀಟಿಯಲ್ಲಿ 1 ಮತ್ತು 7 ಒಂದೇ ತರಹ ಕಂಡಿರಬಹುದು. ಜಪಾನಿನ ಕವೋರು ಇಶಿಕಾವಾ ಎಂಬ ತಜ್ಞರು ಇದಕ್ಕಾಗಿ ಮೀನಿನ ಮುಳ್ಳಿನ ಆಕಾರದ ಚಿತ್ರವೊಂದನ್ನು ಬಳಕೆಗೆ ತಂದರು. ತಲೆಯ ಕಡೆ ತೊಂದರೆಯನ್ನು ಬರೆದು, ಒಂದೊಂದು ಮುಳ್ಳಿಗೆ ಒಂದೊಂದು ಬಗೆಯ ಕಾರಣ ಬರೆಯುವುದು: ಜನ, ಯಂತ್ರ, ಸಾಮಾನು, ಕೆಲಸದ ರೀತಿ, ಅಳತೆ, ಸುತ್ತಲಿನ ವಾತಾವರಣ. 'ಜನ' ಎಂಬುದು ಆ ಆರರಲ್ಲಿ ಒಂದು ಮಾತ್ರ ಎಂಬುದನ್ನು ಗಮನಿಸಿ.

ಯಾರು ಎಂದು ಕೇಳಿದರೆ ಬಾಯಿ ಮುಚ್ಚುತ್ತದೆ

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮ ಗಾದೆಗಳಲ್ಲಿ ಇದು ಹೆಣ್ಣುಮಕ್ಕಳ ಮೇಲೆ ಹೆಚ್ಚು ಪ್ರಯೋಗವಾದದ್ದು. ಕೆಲಸದ ಜಾಗದಲ್ಲಿ ಯಾರಾದರೂ ತೊಂದರೆ ಹೇಳಿದರೆ ಥಟ್ಟನೆ ಇದನ್ನೇ ಎಸೆಯುತ್ತಾರೆ. ಆದರೆ ಸಹೋದರಿಯರೇ, ಎಷ್ಟೋ ಸಲ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ. ಒಬ್ಬಳು ಎಡವಿದರೆ ಅವಳ ಕಾಲು ನೋಡೋಣ. ಒಂದೇ ಜಾಗದಲ್ಲಿ ಮೂವರು ಎಡವಿದರೆ ನೆಲ ನೋಡಬೇಡವೇ?

'ಯಾರು ಮಾಡಿದ್ದು?' ಎಂಬುದು ಮೊದಲ ಪ್ರಶ್ನೆಯಾದರೆ ಎಲ್ಲರೂ ತಮ್ಮನ್ನು ಉಳಿಸಿಕೊಳ್ಳಲು ನೋಡುತ್ತಾರೆ. ಕೂಲಿ ಹೋಗುತ್ತದೆ, ಕೆಲಸ ಹೋಗುತ್ತದೆ ಎಂಬ ಭಯವಿದ್ದವಳು ಕಂಡದ್ದನ್ನು ಹೇಳುವುದಿಲ್ಲ. ಹೇಳದಿದ್ದರೆ ಕಾರಣ ಸಿಗುವುದಿಲ್ಲ, ತೊಂದರೆ ಮತ್ತೆ ಬರುತ್ತದೆ. ಬೇಕೆಂದೇ ಮಾಡಿದ ಮೋಸ, ಕಳ್ಳತನದ ಮಾತು ಬೇರೆ. ಅದಕ್ಕೆ ಕಾನೂನಿದೆ. ಆದರೆ ದಿನನಿತ್ಯದ ತಪ್ಪುಗಳಲ್ಲಿ ಅಂಥವು ಎಷ್ಟಿರುತ್ತವೆ?

ಇದು ಬರೀ ಬಟ್ಟೆ, ಯಂತ್ರದ ವಿಷಯವಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಹಲವು ಬಾಣಂತಿಯರು ಒಬ್ಬರ ಹಿಂದೊಬ್ಬರು ಅಸ್ವಸ್ಥರಾದರು. ಡಿಸೆಂಬರ್ ಮೊದಲ ವಾರದ ಹೊತ್ತಿಗೆ ಐವರು ತಾಯಂದಿರು ತೀರಿಕೊಂಡಿದ್ದರು. ಇಂಥ ಹೊತ್ತಿನಲ್ಲಿ ವೈದ್ಯರ, ನರ್ಸುಗಳ ಮೇಲೆ ಸಿಟ್ಟು ಹರಿಯುವುದು ಸಹಜ. ಆದರೆ ತಜ್ಞರು ಪರಿಶೀಲಿಸಿದಾಗ ಸಂಶಯ ತಿರುಗಿದ್ದು ನರಕ್ಕೆ ಹನಿಸುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಕಡೆಗೆ. ಹಾಗಾದರೆ ಸಂಶಯದ ದ್ರಾವಣ ಹೆರಿಗೆ ಕೋಣೆಗೆ ಹೇಗೆ ಬಂತು? ಅದೇ ತಯಾರಕರ ಕೆಲವು ಬ್ಯಾಚುಗಳ ಗುಣಮಟ್ಟದ ಬಗ್ಗೆ ರಾಜ್ಯದಲ್ಲಿ ಮೊದಲೇ ಆಕ್ಷೇಪ ಎದ್ದಿತ್ತು. ಕೇಂದ್ರದ ಪ್ರಯೋಗಾಲಯದಿಂದ ಬೇರೆ ಬಗೆಯ ವರದಿ ಬಂದ ಮೇಲೆ ದ್ರಾವಣ ಬಳಕೆಗೆ ಹೋಗಿತ್ತು. ಪ್ರಶ್ನೆ ಹೀಗೆ ಹಾಸಿಗೆಯ ಪಕ್ಕದಿಂದ ಔಷಧಿ ಖರೀದಿ, ಪರೀಕ್ಷೆಯ ವ್ಯವಸ್ಥೆಯವರೆಗೆ ನಡೆಯಿತು. ಸರಕಾರ ಆ ದ್ರಾವಣದ ಬಳಕೆಯನ್ನು ನಿಲ್ಲಿಸಿತು, ಔಷಧ ನಿಯಂತ್ರಕರನ್ನು ಅಮಾನತು ಮಾಡಿತು.

ಅಲ್ಲಿಗೂ ನಿಲ್ಲದೆ, 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ರಾಜ್ಯದಲ್ಲಿ ಸಂಭವಿಸಿದ 464 ತಾಯಂದಿರ ಸಾವುಗಳನ್ನು ಪರಿಶೀಲಿಸಲಾಯಿತು. ಅವುಗಳಲ್ಲಿ ಶೇಕಡಾ 70ರಷ್ಟನ್ನು ತಡೆಯಬಹುದಿತ್ತು ಎಂದು ಆ ಪರಿಶೀಲನೆ ಹೇಳಿತು. ಈ ಮಾತನ್ನು ಎರಡು ಸಲ ಓದಿ. ತಡೆಯಬಹುದಿತ್ತು! ಮೊದಲ ಸಾವಿನಲ್ಲೇ ಯಾಕೆ ಎಂದು ಕೇಳುವ ಕ್ರಮ ಎಲ್ಲ ಕಡೆ ಇದ್ದಿದ್ದರೆ ಎಷ್ಟು ಮಕ್ಕಳಿಗೆ ತಾಯಿ ಉಳಿಯುತ್ತಿದ್ದಳೋ. 'ನಮ್ಮ ನಸೀಬು ಇಷ್ಟೇ' ಎಂದು ಕಣ್ಣೊರೆಸಿಕೊಂಡು ಮನೆಗೆ ಬರುವ ಮುನ್ನ ಕಾರಣ ಕೇಳುವ ಹಕ್ಕು ನಮಗಿದೆ. ಅದು ಮುಂದೆ ಅದೇ ಹಾಸಿಗೆಗೆ ಬರುವ ಇನ್ನೊಬ್ಬಳಿಗಾಗಿ ನಾವು ಮಾಡುವ ಉಪಕಾರವೂ ಹೌದು.

ಜಾಗ್ರತೆ ಎಂಬುದು ಮದ್ದಲ್ಲ

ಕಾರಣ ಸಿಕ್ಕರೂ ಮದ್ದು ತಪ್ಪಾದರೆ ಪ್ರಯೋಜನವಿಲ್ಲ. ರೋಣದ ಒಂದು ಶಾಲೆಯ ಅಡುಗೆ ಕೋಣೆಯನ್ನು ಕಲ್ಪಿಸಿಕೊಳ್ಳಿ. ಸಾರಿನ ದೊಡ್ಡ ಪಾತ್ರೆ ಎತ್ತಿಕೊಂಡು ಹೋಗುವಾಗ ಅಡುಗೆಯ ಸಹೋದರಿ ಕಾಲು ಜಾರಿದರು. ಪುಣ್ಯಕ್ಕೆ ಕೈ ಮಾತ್ರ ಸುಟ್ಟಿತು. "ನೋಡ್ಕೊಂಡು ಅಡ್ಡಾಡ್ರಿ" ಎಂದು ಎಲ್ಲರೂ ಹೇಳಿದರು. ತಿಂಗಳು ಕಳೆಯುವಷ್ಟರಲ್ಲಿ ಇನ್ನೊಬ್ಬರು ಜಾರಿದರು.

ಯಾಕೆ ಜಾರಿದರು? ನೆಲ ಒದ್ದೆಯಿತ್ತು. ಯಾಕೆ ಒದ್ದೆ? ನಲ್ಲಿ ಸೋರುತ್ತದೆ. ಯಾಕೆ ಸೋರುತ್ತದೆ? ವಾಷರ್ ಸವೆದಿದೆ. ಇಷ್ಟು ದಿನ ಯಾಕೆ ಬದಲಾಯಿಸಲಿಲ್ಲ? ನಲ್ಲಿಯ ರಿಪೇರಿಗೆ ಯಾರಿಗೆ ಹೇಳಬೇಕು, ಯಾವ ದುಡ್ಡಿನಿಂದ ಮಾಡಿಸಬೇಕು ಎಂದು ಅಡುಗೆಯವರಿಗೆ ಯಾರೂ ತಿಳಿಸಿಲ್ಲ. ಈಗ ಮದ್ದು ಎರಡು. ಇವತ್ತು ವಾಷರ್ ಹಾಕಿಸುವುದು. ಮುಂದೆ ಏನು ಕೆಟ್ಟರೂ ಯಾರಿಗೆ ಹೇಳಬೇಕೆಂದು ಗೋಡೆಯ ಮೇಲೆ ಬರೆಸುವುದು. ಎರಡನೆಯದು ನಲ್ಲಿಗೆ ಮಾತ್ರವಲ್ಲ, ನಾಳೆ ಗ್ಯಾಸಿನ ಪೈಪು ಹಳೆಯದಾದಾಗಲೂ ಕೆಲಸಕ್ಕೆ ಬರುತ್ತದೆ.

'ಇನ್ನು ಮುಂದೆ ಜಾಗ್ರತೆ' ಎಂಬ ಮಾತಿನಿಂದ ಮುಗಿಯುವ ಪರಿಹಾರ ಬಹಳ ದಿನ ಬಾಳುವುದಿಲ್ಲ. ದಣಿದಾಗ, ಅವಸರದಲ್ಲಿ, ಮಗುವಿಗೆ ಜ್ವರ ಬಂದ ದಿನ ಯಾರಿಗಾದರೂ ಜಾಗ್ರತೆ ತಪ್ಪುತ್ತದೆ. ಅಪಾಯವನ್ನೇ ತೆಗೆದುಹಾಕುವುದು ಎಲ್ಲಕ್ಕಿಂತ ಒಳ್ಳೆಯದು. ಅದಾಗದಿದ್ದರೆ ಸಾಮಾನು, ಜಾಗ ಅಥವಾ ಕೆಲಸದ ರೀತಿಯನ್ನು ಬದಲಾಯಿಸಬೇಕು. ಬರೀ ನೆನಪಿಸುವುದು ಕೊನೆಯ ಉಪಾಯ.

ಐದು ಎಂಬ ಸಂಖ್ಯೆಗೆ ಕಟ್ಟುಬೀಳಬೇಕಿಲ್ಲ. ಕೆಲವೊಮ್ಮೆ ಮೂರಕ್ಕೇ ಬೇರು ಸಿಗುತ್ತದೆ, ಕೆಲವೊಮ್ಮೆ ಏಳು ಬೇಕಾಗುತ್ತದೆ. ನರಗುಂದದಲ್ಲಿ ಹಗೇವು, ನೀರು ಎರಡೂ ಸೇರಿದಂತೆ ಬೇರುಗಳು ಒಂದಕ್ಕಿಂತ ಹೆಚ್ಚೂ ಇರಬಹುದು. ಎಲ್ಲಿ ನಿಲ್ಲಬೇಕು? 'ಅವಳ ನಿರ್ಲಕ್ಷ್ಯ' ಎಂಬಲ್ಲಿ ನಿಲ್ಲಬೇಡಿ, ಅದು ತೀರಾ ಮೇಲಾಯಿತು. 'ದೇಶವೇ ಹೀಗೆ' ಎಂಬಲ್ಲಿಗೂ ಹೋಗಬೇಡಿ, ಅಲ್ಲಿ ನಮ್ಮ ಕೈಗೆ ಏನೂ ಎಟಕುವುದಿಲ್ಲ. ನೀವು ಅಥವಾ ನಿಮ್ಮ ಮಾತು ಕೇಳುವ ಯಾರಾದರೂ ಬದಲಾಯಿಸಬಹುದಾದ ಕಾರಣ ಸಿಕ್ಕಲ್ಲಿ ನಿಂತು ಕೆಲಸ ಶುರು ಮಾಡಿ.

ಈ ತಿಂಗಳು ಇಷ್ಟು ಮಾಡಿ ನೋಡಿ

ಕೆಲಸದ ಜಾಗದಲ್ಲಿ ಒಂದು ನೂರು ಪುಟದ ನೋಟುಬುಕ್ ಇಡಿ. ಏನಾದರೂ ಕೆಟ್ಟರೆ ತಾರೀಖು, ಹೊತ್ತು, ಏನಾಯಿತು, ಆಗ ಏನು ಮಾಡಿದೆವು ಎಂದು ನಾಲ್ಕು ಸಾಲು ಬರೆಯಿರಿ. ಹೆಸರು ಬರೆಯಬೇಡಿ. ತಿಂಗಳ ಕೊನೆಗೆ ಎಲ್ಲರೂ ಕುಳಿತು ಓದಿ. ಎರಡು ಸಲ ಬಂದ ತೊಂದರೆಯ ಕೆಳಗೆ ಗೆರೆ ಎಳೆಯಿರಿ. ಅದೊಂದನ್ನೇ ತೆಗೆದುಕೊಂಡು ಯಾಕೆ ಎಂದು ಕೇಳುತ್ತ ಹೋಗಿ. ಆ ಕೆಲಸವನ್ನು ದಿನವೂ ಮಾಡುವವಳು ಮೊದಲು ಮಾತಾಡಲಿ, ಯಜಮಾನಿ ಕೊನೆಗೆ ಮಾತಾಡಲಿ. ಓದು ಬರಹ ಬಾರದ ಸಹೋದರಿಯಿದ್ದರೆ ಅವಳನ್ನು ಬಿಡಬೇಡಿ. ನಲ್ಲಿ ಎಂದಿನಿಂದ ಸೋರುತ್ತಿದೆ ಎಂದು ಗೊತ್ತಿರುವುದು ಅವಳಿಗೇ.

ಒಂದು ಮದ್ದು ಮಾಡಿದ ಮೇಲೆ ಎರಡು ತಿಂಗಳು ಕಾದು ನೋಡಿ. ತೊಂದರೆ ಮತ್ತೆ ಬಂದರೆ ಬೇಸರಪಡಬೇಡಿ, ಇನ್ನೂ ಒಂದು ಯಾಕೆ ಬಾಕಿ ಇದೆ ಎಂದರ್ಥ. ಬಾರದಿದ್ದರೆ ಆ ಪುಟದ ಮೇಲೆ ದೊಡ್ಡದಾಗಿ ಒಂದು ಸರಿ ಗುರುತು ಹಾಕಿ, ಮುಂದಿನ ತೊಂದರೆಗೆ ಹೋಗಿ. ಮತ್ತೆ, ಹಿಂದೆ ಆ ತೊಂದರೆಗಾಗಿ ಯಾರ ಕೂಲಿಯಲ್ಲಾದರೂ ಹಿಡಿದಿದ್ದರೆ, ಆ ಹಣವನ್ನು ಅವಳಿಗೆ ಮರಳಿಸಲು ಮರೆಯಬೇಡಿ.